ಲಾಗ್ ತುಂಬಿದ ಮೇಲೆ ಡೇಟಾಬೇಸ್ ಏನು ಮಾಡುತ್ತದೆ?

ಜನವರಿ ತಿಂಗಳ ಒಂದು ಶನಿವಾರ, ಸಂಜೆ ಆರೂವರೆ. ಹಾಸನದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಫೋನ್ ಬಂತು. "ಸಾರ್, ಎಂಟ್ರಿ ಹೋಗ್ತಾ ಇಲ್ಲ. ಸೇವ್ ಒತ್ತಿದ್ರೆ ಹಂಗೇ ನಿಂತ್ಕೊಂಡು ಬಿಡ್ತದೆ. ಹೊರಗೆ ಏಳು ಲಾರಿ ನಿಂತಿದೆ."

ಸೀಸನ್ನಿನಲ್ಲಿ ಲಾರಿ ನಿಲ್ಲುವುದು ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಪಾರ್ಚ್‌ಮೆಂಟ್, ಚೆರ್ರಿ ಮೂಟೆಗಳು ಬಂದಿರುತ್ತವೆ. ತೂಕ ಆಗಬೇಕು, ಚೀಟಿ ಬರಬೇಕು, ಆಮೇಲೆ ಇಳಿಸಬೇಕು. ಚೀಟಿ ಬರುವುದು ಕಂಪ್ಯೂಟರಿನಿಂದ. ಕಂಪ್ಯೂಟರಿನ ಹಿಂದೆ ಇರುವುದು ಒಂದು ಒರಾಕಲ್ ಡೇಟಾಬೇಸ್. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಇದ್ದದ್ದು ಚಿಕ್ಕಮಗಳೂರಿನ ಮನೆಯಲ್ಲಿ.

ಸ್ಕ್ರೀನಿನಲ್ಲಿ ಏನು ಬರೆದಿದೆ ಅಂತ ಕೇಳಿದೆ. ಹುಡುಗ ಅಕ್ಷರ ಅಕ್ಷರ ಓದಿ ಹೇಳಿದ. ಓರಾ-00257, ಆರ್ಕೈವರ್ ಎರರ್. ಅಷ್ಟು ಕೇಳಿದ್ದೇ ವಿಷಯ ಗೊತ್ತಾಯಿತು. "ಏನೂ ಮುಟ್ಟಬೇಡಪ್ಪಾ, ಐದು ನಿಮಿಷದಲ್ಲಿ ಕನೆಕ್ಟ್ ಆಗ್ತೀನಿ" ಅಂದೆ. ಆಗ ಅವನು ಹೇಳಿದ: "ಸಾರ್, ಜಾಗ ಇಲ್ಲ ಅಂತ ಬರ್ತಿತ್ತು. ಒಂದು ಫೋಲ್ಡರ್ ತುಂಬ ಹಳೇ ಲಾಗ್ ಇತ್ತು. ಲಾಗ್ ಅಲ್ವಾ ಅಂತ ಒಂದು ನೂರಿಪ್ಪತ್ತು ಫೈಲ್ ಡಿಲೀಟ್ ಮಾಡ್ದೆ. ಆದ್ರೂ ಸರಿ ಹೋಗ್ಲಿಲ್ಲ."

ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಲಾಗ್ ಅನ್ನುವ ಪದವೇ ಹಾಗಿದೆ. ವೆಬ್ ಸರ್ವರಿನ ಲಾಗ್, ಪ್ರಿಂಟರಿನ ಲಾಗ್, ಇನ್ಯಾವುದೋ ಸಾಫ್ಟ್‌ವೇರಿನ ಲಾಗ್ ಎಲ್ಲವನ್ನೂ ನಾವು ಜಾಗ ಬೇಕಾದಾಗ ಅಳಿಸುತ್ತೇವೆ, ಏನೂ ಆಗುವುದಿಲ್ಲ. ಆದರೆ ಡೇಟಾಬೇಸಿನ ಟ್ರಾನ್ಸಾಕ್ಷನ್ ಲಾಗ್ ಆ ಜಾತಿಗೆ ಸೇರಿದ್ದಲ್ಲ. ಅದು ನಡೆದದ್ದರ ಬಗ್ಗೆ ಬರೆದ ಟಿಪ್ಪಣಿ ಅಲ್ಲ, ನಡೆದದ್ದೇ ಅದು. ಉಳಿದ ಫೈಲುಗಳೆಲ್ಲ ಹಾಳಾದರೂ ಒಂದು ಹಳೇ ಬ್ಯಾಕಪ್ಪೂ ಪೂರ್ತಿ ಲಾಗೂ ಇದ್ದರೆ ಡೇಟಾಬೇಸನ್ನು ಮತ್ತೆ ಕಟ್ಟಬಹುದು. ಇದನ್ನು ಯಾರೂ ಆ ಹುಡುಗನಿಗೆ ಕೂತು ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈ ಲೇಖನ.

ಒಂದು ಕಾಫಿ ತೋಟ ಊಹಿಸಿಕೊಳ್ಳಿ. ಸಂಜೆ ಹೊತ್ತು. ಹಣ್ಣು ಕೊಯ್ದವರೆಲ್ಲ ಚೀಲ ಹೊತ್ತುಕೊಂಡು ಸಾಲಾಗಿ ನಿಂತಿದ್ದಾರೆ. ತೋಟದ ರೈಟ್ರು ತೂಕ ನೋಡಿ ಬರೆದುಕೊಳ್ಳಬೇಕು. ಪ್ರತಿಯೊಬ್ಬರಿಗೂ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಪುಟ ಇದೆ. ಒಬ್ಬೊಬ್ಬರು ಬಂದಾಗಲೂ ಆ ದಪ್ಪ ಪುಸ್ತಕ ತೆಗೆದು, ಪುಟ ಹುಡುಕಿ, ಹಿಂದಿನ ಮೊತ್ತಕ್ಕೆ ಕೂಡಿಸಿ ಬರೆಯುತ್ತಾ ಕೂತರೆ ಕತ್ತಲಾಗುತ್ತದೆ. ಅದಕ್ಕೆ ರೈಟ್ರು ಒಂದು ಸ್ಲೇಟು ಇಟ್ಟುಕೊಳ್ಳುತ್ತಾರೆ. ಬಂದ ಕ್ರಮದಲ್ಲೇ ಒಂದರ ಕೆಳಗೆ ಒಂದು ಬರೆಯುತ್ತಾ ಹೋಗುತ್ತಾರೆ, ಹೆಸರು, ಕೆಜಿ, ಹೆಸರು, ಕೆಜಿ. ಬರೆದಾದ ಮೇಲೆ "ಆಯ್ತು, ಹೋಗಿ" ಅನ್ನುತ್ತಾರೆ. ಪುಸ್ತಕಕ್ಕೆ ಏರಿಸುವುದು ಬಿಡುವಾದಾಗ.

ಡೇಟಾಬೇಸ್ ಕೆಲಸ ಮಾಡುವುದು ಥೇಟ್ ಹೀಗೇ. ಲೆಕ್ಕದ ಪುಸ್ತಕ ಅಂದರೆ ಡೇಟಾ ಫೈಲುಗಳು, ನಿಮ್ಮ ಟೇಬಲ್ಲುಗಳೆಲ್ಲ ಇರುವ ಜಾಗ. ಸ್ಲೇಟು ಅಂದರೆ ಲಾಗ್. ಒರಾಕಲ್‌ನಲ್ಲಿ ಅದನ್ನು ರೀಡೂ ಲಾಗ್ ಅನ್ನುತ್ತಾರೆ. ನೀವು ಕಮಿಟ್ ಮಾಡಿದಾಗ, ಅಂದರೆ ಮಾಡಿದ ಬದಲಾವಣೆಯನ್ನು ಖಾಯಂ ಮಾಡು ಅಂತ ಹೇಳಿದಾಗ, ಡೇಟಾ ಫೈಲಿಗೆ ಬದಲಾವಣೆ ಹೋಗಿರಲೇಬೇಕು ಅಂತೇನಿಲ್ಲ. ಲಾಗ್ ಫೈಲಿಗೆ, ಅಂದರೆ ನಿಜವಾದ ಡಿಸ್ಕಿನ ಮೇಲೆ, ಆ ಬದಲಾವಣೆಯ ವಿವರ ಬರೆದಾಗಿರಬೇಕು ಅಷ್ಟೇ. ಬರೆದಾದ ಮೇಲೆಯೇ "ಕಮಿಟ್ ಆಯಿತು" ಅನ್ನುವ ಉತ್ತರ ಬರುವುದು. ಲಾಗ್ ಮೊದಲು, ಡೇಟಾ ಆಮೇಲೆ. ಈ ನಿಯಮವನ್ನು ರೈಟ್-ಅಹೆಡ್ ಲಾಗಿಂಗ್ ಅನ್ನುತ್ತಾರೆ. 1992ರಲ್ಲಿ ಐಬಿಎಂನ ಸಿ. ಮೋಹನ್ ಮತ್ತು ಅವರ ಜೊತೆಗಾರರು ಏರೀಸ್ ಅನ್ನುವ ಹೆಸರಿನಲ್ಲಿ ಇದರ ಪೂರ್ತಿ ವಿಧಾನವನ್ನು ಬರೆದು ಪ್ರಕಟಿಸಿದರು. ಇವತ್ತಿನ ಎಷ್ಟೋ ಡೇಟಾಬೇಸುಗಳು ಅದೇ ಜಾಡಿನಲ್ಲಿ ನಡೆಯುತ್ತವೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತು ಗೊತ್ತು ಅಂತ ಇಲ್ಲ. ಯುಪಿಎಸ್ ಕೈಕೊಟ್ಟು ಸರ್ವರ್ ಧಪ್ಪಂತ ಆಫ್ ಆದರೆ, ಮೆಮೊರಿಯಲ್ಲಿ ಇದ್ದು ಇನ್ನೂ ಡೇಟಾ ಫೈಲಿಗೆ ಹೋಗದ ಬದಲಾವಣೆಗಳೆಲ್ಲ ಹೋದವು. ಆದರೆ ಅವೆಲ್ಲ ಲಾಗಿನಲ್ಲಿ ಇವೆ. ಮತ್ತೆ ಆನ್ ಮಾಡಿದಾಗ ಡೇಟಾಬೇಸ್ ಲಾಗನ್ನು ಓದುತ್ತಾ, ಬಿಟ್ಟುಹೋದದ್ದನ್ನೆಲ್ಲ ಮತ್ತೆ ಮಾಡುತ್ತದೆ. ಕಮಿಟ್ ಆಗದೆ ಅರ್ಧಕ್ಕೆ ನಿಂತದ್ದನ್ನು ತೆಗೆದುಹಾಕುತ್ತದೆ. ರೀಡೂ ಅಂದರೆ ಮತ್ತೆ ಮಾಡು ಅಂತ ತಾನೆ? ಹೆಸರು ಬಂದದ್ದೇ ಅಲ್ಲಿಂದ.

ಈ ಬರೆಯುವ ಕೆಲಸ ಮಾಡುವವನ ಹೆಸರು ಲಾಗ್ ರೈಟರ್. ಚಿಕ್ಕದಾಗಿ ಎಲ್‌ಜಿಡಬ್ಲ್ಯೂಆರ್ ಅಂತ ಬರೆಯುತ್ತಾರೆ. ಒರಾಕಲ್ ಒಳಗೆ ಸದಾ ಓಡುತ್ತಿರುವ ಒಂದು ಪ್ರೋಸೆಸ್ ಇದು. ಯಾರಾದರೂ ಕಮಿಟ್ ಮಾಡಿದರೆ ಬರೆಯುತ್ತದೆ. ಯಾರೂ ಮಾಡದಿದ್ದರೂ 3 ಸೆಕೆಂಡಿಗೊಮ್ಮೆ ಬರೆಯುತ್ತದೆ. ಮೆಮೊರಿಯಲ್ಲಿರುವ ಲಾಗ್ ಬಫರ್ ಮೂರನೇ ಒಂದು ಭಾಗ ತುಂಬಿದರೂ ಬರೆಯುತ್ತದೆ. ಬದಲಾದ ಬ್ಲಾಕ್ (ಡೇಟಾ ಫೈಲಿನ ಒಂದು ಸಣ್ಣ ತುಂಡು) ಯಾವುದಾದರೂ ಡೇಟಾ ಫೈಲಿಗೆ ಹೋಗಬೇಕು ಅಂದರೆ ಅದಕ್ಕೂ ಮೊದಲು ಅದರ ಲಾಗ್ ಹೋಗಿದೆಯಾ ಅಂತ ನೋಡಿ, ಇಲ್ಲದಿದ್ದರೆ ಬರೆಯುತ್ತದೆ.

ಈಗ ಸ್ಲೇಟು ತುಂಬಿತು. ಮುಂದೇನು?

ರೈಟ್ರ ಹತ್ತಿರ ಮೂರು ಸ್ಲೇಟಿವೆ ಅಂದುಕೊಳ್ಳಿ. ಮೊದಲನೇದು ತುಂಬಿದ ಕೂಡಲೇ ಅದನ್ನು ಪಕ್ಕಕ್ಕಿಟ್ಟು ಎರಡನೇದು ಎತ್ತಿಕೊಳ್ಳುತ್ತಾರೆ. ಸಾಲು ನಿಲ್ಲುವುದಿಲ್ಲ. ಎರಡನೇದು ತುಂಬಿದರೆ ಮೂರನೇದು. ಮೂರನೇದೂ ತುಂಬಿದರೆ ಮತ್ತೆ ಮೊದಲನೇದಕ್ಕೆ ಬರಬೇಕು, ಅದನ್ನು ಒರೆಸಿ ಹೊಸದಾಗಿ ಬರೆಯಬೇಕು. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಲಾಗ್ ಸ್ವಿಚ್. ಒರಾಕಲ್‌ನಲ್ಲಿ ಈ ಸ್ಲೇಟುಗಳಿಗೆ ಗ್ರೂಪ್ ಅನ್ನುತ್ತಾರೆ. ಕಡಿಮೆ ಅಂದರೂ 2 ಗ್ರೂಪ್ ಇರಲೇಬೇಕು. ಸಾಮಾನ್ಯವಾಗಿ 3 ಇರುತ್ತವೆ, ಕೆಲಸ ಜಾಸ್ತಿ ಇರುವ ಕಡೆ ಇನ್ನೂ ಹೆಚ್ಚು. ಒಂದು ಗ್ರೂಪಿನಲ್ಲಿ ಒಂದೇ ಫೈಲ್ ಇರಬಹುದು, ಅಥವಾ ಒಂದೇ ವಿಷಯದ ಎರಡು ಪ್ರತಿ ಬೇರೆ ಬೇರೆ ಡಿಸ್ಕಿನಲ್ಲಿ ಇರಬಹುದು. ದಯವಿಟ್ಟು ಎರಡು ಇಡಿ. ಡೇಟಾ ಫೈಲ್ ಹೋದರೆ ಲಾಗಿನಿಂದ ಕಟ್ಟಬಹುದು, ಈಗ ಬರೆಯುತ್ತಿರುವ ಲಾಗೇ ಹೋದರೆ ಅದನ್ನು ಕಟ್ಟುವುದಕ್ಕೆ ಬೇರೆ ಏನೂ ಇಲ್ಲ.

ಸ್ವಿಚ್ ಆದಾಗಲೆಲ್ಲ ಲಾಗಿಗೆ ಒಂದು ಹೊಸ ನಂಬರ್ ಸಿಗುತ್ತದೆ. ಅದು ಸೀಕ್ವೆನ್ಸ್ ನಂಬರ್. 4126 ಆಯಿತು, 4127 ಆಯಿತು, 4128. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆಯೇ ಎಲ್ಲ ನಿಂತಿದೆ. ಸ್ಲೇಟು ಮೂರೇ ಇರಬಹುದು, ಒರೆಸಿ ಒರೆಸಿ ಬರೆಯುತ್ತಿರಬಹುದು. ಆದರೆ ಪ್ರತಿ ಸಲ ತುಂಬಿದ ಸ್ಲೇಟಿಗೂ ತನ್ನದೇ ಒಂದು ನಂಬರ್ ಇರುತ್ತದೆ, ಮುಂದಿನದಕ್ಕೆ ಒಂದು ಜಾಸ್ತಿ.

ಈಗ ಮುಖ್ಯವಾದ ಪ್ರಶ್ನೆ. ಮೊದಲನೇ ಸ್ಲೇಟಿಗೆ ಮತ್ತೆ ಬಂದಾಗ ರೈಟ್ರು ಅದನ್ನು ಸುಮ್ನೆ ಒರೆಸಬಹುದಾ?

ಒರೆಸುವ ಮೊದಲು ಅವರು ಎರಡು ವಿಷಯ ನೋಡಬೇಕು. ಒಂದು, ಆ ಸ್ಲೇಟಿನಲ್ಲಿರುವುದೆಲ್ಲ ಲೆಕ್ಕದ ಪುಸ್ತಕಕ್ಕೆ ಏರಿದೆಯಾ? ಏರದೆ ಒರೆಸಿದರೆ ಯಾರದ್ದೋ ಒಂದು ದಿನದ ದುಡಿಮೆ ಹೋಯಿತು. ಡೇಟಾಬೇಸಿನಲ್ಲಿ ಇದಕ್ಕೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಲಾಗ್ ಸ್ವಿಚ್ ಆದಾಗ ಒಂದು ಚೆಕ್‌ಪಾಯಿಂಟ್ ಶುರುವಾಗುತ್ತದೆ. ಆ ಲಾಗಿಗೆ ಸಂಬಂಧಪಟ್ಟ, ಮೆಮೊರಿಯಲ್ಲೇ ಕೂತಿರುವ ಬದಲಾದ ಬ್ಲಾಕುಗಳನ್ನೆಲ್ಲ ಡೇಟಾ ಫೈಲಿಗೆ ಬರೆಯುವ ಕೆಲಸ ಅದು. ಬರೆದು ಮುಗಿಯುವ ತನಕ ಆ ಗ್ರೂಪಿನ ಸ್ಥಿತಿ ಆಕ್ಟಿವ್ ಅಂತ ಇರುತ್ತದೆ. ಮುಗಿದ ಮೇಲೆ ಇನಾಕ್ಟಿವ್ ಆಗುತ್ತದೆ. ಈಗ ಬರೆಯುತ್ತಿರುವುದು ಕರೆಂಟ್. ವಿ-ಡಾಲರ್-ಲಾಗ್ ಅನ್ನುವ ವ್ಯೂ ನೋಡಿದರೆ ಈ ಮೂರೂ ಪದ ಕಣ್ಣಿಗೆ ಕಾಣುತ್ತವೆ. ಹೊಸಬರಿಗೆ ಒಂದು ಮಾತು: ಆಕ್ಟಿವ್ ಅಂದರೆ "ಈಗ ಇದರಲ್ಲೇ ಬರೆಯುತ್ತಿದೆ" ಅಂತ ಅಲ್ಲ. "ಇದು ಇನ್ನೂ ಬೇಕು, ಮುಟ್ಟಬೇಡ" ಅಂತ ಅರ್ಥ.

ಎರಡನೇ ವಿಷಯ, ಆ ಸ್ಲೇಟಿನ ಪೂರ್ತಿ ನಕಲು ಒಂದು ನೋಟ್‌ಬುಕ್ಕಿಗೆ ಇಳಿದಿದೆಯಾ? ಇದೇ ಆರ್ಕೈವ್.

ಪುಸ್ತಕಕ್ಕೆ ಏರಿದ ಮೇಲೆ ಸ್ಲೇಟಿನ ನಕಲು ಯಾಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲೇ ಎಡವುತ್ತಾರೆ. ಲೆಕ್ಕದ ಪುಸ್ತಕಕ್ಕೇ ಗೆದ್ದಲು ಹಿಡಿದರೆ? ಭಾನುವಾರ ರಾತ್ರಿ ಪುಸ್ತಕದ ಜೆರಾಕ್ಸ್ ಮಾಡಿಸಿ ಇಟ್ಟಿದ್ದೀರಿ. ಪುಸ್ತಕ ಹಾಳಾದದ್ದು ಶುಕ್ರವಾರ. ಜೆರಾಕ್ಸಿನಲ್ಲಿ ಭಾನುವಾರದ ತನಕ ಮಾತ್ರ ಇದೆ. ಸೋಮವಾರದಿಂದ ಶುಕ್ರವಾರದ ತನಕದ ಸ್ಲೇಟುಗಳೆಲ್ಲ ಒರೆಸಿ ಆಗಿದೆ. ಅಷ್ಟೂ ದಿನದ ಲೆಕ್ಕ ಇಲ್ಲ. ಆದರೆ ಒರೆಸುವ ಮೊದಲು ಪ್ರತಿ ಸ್ಲೇಟನ್ನೂ ನಂಬರ್ ಹಾಕಿ ನಕಲು ಮಾಡಿಟ್ಟಿದ್ದರೆ, ಆ ಜೆರಾಕ್ಸ್ ಮುಂದಿಟ್ಟುಕೊಂಡು ಒಂದೊಂದೇ ನಕಲಿನಿಂದ ಏರಿಸುತ್ತಾ ಬಂದರೆ ಶುಕ್ರವಾರದ ಕೊನೇ ಚೀಲದ ತನಕ ಬಂದು ನಿಲ್ಲಬಹುದು.

ಒರಾಕಲ್ ಡೇಟಾಬೇಸ್ ಎರಡು ರೀತಿಯಲ್ಲಿ ಓಡಬಲ್ಲದು. ನೋಆರ್ಕೈವ್‌ಲಾಗ್ ಮೋಡಿನಲ್ಲಿದ್ದರೆ ನಕಲು ಮಾಡುವ ಗೊಡವೆ ಇಲ್ಲ, ಚೆಕ್‌ಪಾಯಿಂಟ್ ಮುಗಿದಿದ್ದರೆ ಸಾಕು, ಒರೆಸಿ ಬರೆಯುತ್ತದೆ. ಕರೆಂಟು ಹೋದರೆ ತಡೆದುಕೊಳ್ಳುತ್ತದೆ, ಡಿಸ್ಕ್ ಹೋದರೆ ಇಲ್ಲ. ಅಷ್ಟೇ ಅಲ್ಲ, ಡೇಟಾಬೇಸ್ ಓಡುತ್ತಿರುವಾಗ ಬ್ಯಾಕಪ್ ತೆಗೆಯುವುದಕ್ಕೂ ಆಗುವುದಿಲ್ಲ, ನಿಲ್ಲಿಸಿಯೇ ತೆಗೆಯಬೇಕು. ಆರ್ಕೈವ್‌ಲಾಗ್ ಮೋಡಿನಲ್ಲಿದ್ದರೆ ನಕಲು ಆಗದ ಲಾಗಿನ ಮೇಲೆ ಒರಾಕಲ್ ಏನು ಮಾಡಿದರೂ ಬರೆಯುವುದಿಲ್ಲ. ಒಂದು ಮೋಡಿನಿಂದ ಇನ್ನೊಂದಕ್ಕೆ ಬದಲಾಯಿಸುವುದು ಕಷ್ಟ ಇಲ್ಲ. ಡೇಟಾಬೇಸ್ ಸರಿಯಾಗಿ ನಿಲ್ಲಿಸಿ, ಮೌಂಟ್ ಹಂತದ ತನಕ ಮಾತ್ರ ಏಳಿಸಿ, ಆಲ್ಟರ್ ಡೇಟಾಬೇಸ್ ಆರ್ಕೈವ್‌ಲಾಗ್ ಅಂತ ಹೇಳಿ, ಆಮೇಲೆ ಓಪನ್ ಮಾಡಬೇಕು. ಆದ ಕೂಡಲೇ ಒಂದು ಪೂರ್ತಿ ಬ್ಯಾಕಪ್ ತೆಗೆಯಬೇಕು. ಎಷ್ಟೋ ಸಣ್ಣ ಆಫೀಸುಗಳಲ್ಲಿ ಡೇಟಾಬೇಸ್ ಹಾಕಿಕೊಟ್ಟವರು ಈ ಮೋಡ್ ಬದಲಾಯಿಸದೆ ಹೋಗಿರುತ್ತಾರೆ. ಸುಮ್ಮನೆ ಒಮ್ಮೆ ನೋಡಿಕೊಳ್ಳಿ. ಆರ್ಕೈವ್ ಲಾಗ್ ಲಿಸ್ಟ್ ಅಂತ ಹೊಡೆದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ನಕಲು ಮಾಡುವವನು ಲಾಗ್ ರೈಟರ್ ಅಲ್ಲ. ಅವನಿಗೆ ಅದಕ್ಕೆ ಪುರುಸೊತ್ತಿಲ್ಲ. ಅದಕ್ಕೆಂದೇ ಆರ್ಕೈವರ್ ಪ್ರೋಸೆಸ್‌ಗಳು ಬೇರೆ ಇವೆ. ಲಾಗ್ ರೈಟರ್ ಮುಂದಿನ ಗ್ರೂಪಿಗೆ ಹೋದ ಮೇಲೆ ಆರ್ಕೈವರ್ ಬಂದು ತುಂಬಿದ ಗ್ರೂಪನ್ನು ಓದಿ, ನೀವು ಹೇಳಿದ ಜಾಗಕ್ಕೆ ಒಂದು ಫೈಲಾಗಿ ಬರೆಯುತ್ತದೆ. ಜಾಗ ಒಂದೇ ಇರಬೇಕಾಗಿಲ್ಲ. ಒಂದು ಇದೇ ಮಷೀನಿನಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ ಇರಬಹುದು. ಬೇರೆ ಊರಿನಲ್ಲಿ ತುರ್ತಿಗೆ ಅಂತ ಸಿದ್ಧವಾಗಿಟ್ಟ ಸ್ಟ್ಯಾಂಡ್‌ಬೈ ಡೇಟಾಬೇಸಿಗೆ ಕಳಿಸುವ ವ್ಯವಸ್ಥೆಯೂ ಇದೆ, ಅದರದ್ದೇ ಒಂದು ದೊಡ್ಡ ಕತೆ. ಫೈಲಿನ ಹೆಸರಿನಲ್ಲಿ ಮೂರು ಅಂಶ ಇರಲೇಬೇಕು: ಥ್ರೆಡ್ ನಂಬರ್, ಸೀಕ್ವೆನ್ಸ್ ನಂಬರ್, ರೀಸೆಟ್‌ಲಾಗ್ಸ್ ನಂಬರ್. ಒಂದೇ ಡೇಟಾಬೇಸನ್ನು ಹಲವು ಮಷೀನು ಸೇರಿ ನಡೆಸುತ್ತಿದ್ದರೆ ಯಾವ ಮಷೀನಿನ ಲಾಗ್ ಇದು ಅನ್ನುವುದಕ್ಕೆ ಥ್ರೆಡ್. ಮೂರನೇದರ ವಿಷಯ ಹೇಳುತ್ತೇನೆ, ತಾಳಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬುಧವಾರ ಮಧ್ಯಾಹ್ನ 3:40ಕ್ಕೆ ಯಾರೋ ಒಬ್ಬರು ಷರತ್ತು ಹಾಕುವುದು ಮರೆತು ಡಿಲೀಟ್ ಹೊಡೆದು, ಕಮಿಟ್ಟೂ ಮಾಡಿದರು. ಪ್ಲಾಂಟರುಗಳ ಖಾತೆಯ ಟೇಬಲ್ ಪೂರ್ತಿ ಖಾಲಿ. ಇಲ್ಲಿ ಡಿಸ್ಕ್ ಹಾಳಾಗಿಲ್ಲ, ಡೇಟಾಬೇಸ್ ಆರೋಗ್ಯವಾಗಿದೆ, ಹೇಳಿದ ಕೆಲಸವನ್ನು ಅದು ನಿಷ್ಠೆಯಿಂದ ಮಾಡಿದೆ. ಈಗ ಬ್ಯಾಕಪ್ಪಿನಿಂದ ವಾಪಸ್ ತರಬೇಕು. ಭಾನುವಾರದ ಬ್ಯಾಕಪ್ ಇಟ್ಟು, ಅದಾದ ಮೇಲಿನ ಆರ್ಕೈವ್ ಲಾಗುಗಳನ್ನು ಒಂದಾದ ಮೇಲೆ ಒಂದು ಓದಿಸುತ್ತಾ, 3:39ಕ್ಕೆ ನಿಲ್ಲಿಸು ಅಂತ ಹೇಳಬಹುದು. ಡೇಟಾಬೇಸ್ 3:39ಕ್ಕೆ ಹೇಗಿತ್ತೋ ಹಾಗೇ ಎದ್ದು ನಿಲ್ಲುತ್ತದೆ. ನಾನು ಮೊದಲನೇ ಸಲ ಇದನ್ನು ಕಣ್ಣಾರೆ ನೋಡಿದಾಗ ನಿಜವಾಗಲೂ ಮೈ ಜುಂ ಅಂದಿತ್ತು.

ಹೀಗೆ ಮಧ್ಯದಲ್ಲಿ ನಿಲ್ಲಿಸಿ ಎಬ್ಬಿಸಿದ ಮೇಲೆ 3:39ರಿಂದ ಮುಂದಿನ ಹಳೇ ಇತಿಹಾಸ ಬೇರೆ, ಹೊಸದು ಬೇರೆ ಆಗುತ್ತದೆ. ಅದಕ್ಕೆ ರೀಸೆಟ್‌ಲಾಗ್ಸ್ ಅಂತ ಹೇಳಿ ಓಪನ್ ಮಾಡಬೇಕು. ಸೀಕ್ವೆನ್ಸ್ ನಂಬರ್ ಮತ್ತೆ 1ರಿಂದ ಶುರುವಾಗುತ್ತದೆ. ಹಳೇ 1 ಯಾವುದು ಹೊಸ 1 ಯಾವುದು ಅಂತ ಗೊಂದಲ ಆಗಬಾರದಲ್ಲ, ಅದಕ್ಕೇ ಫೈಲಿನ ಹೆಸರಿನಲ್ಲಿ ಆ ಮೂರನೇ ನಂಬರ್.

ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಮುಂದಕ್ಕೆ ಹೋಗುವ ಹಾಗಿಲ್ಲ. 4126 ಇದೆ, 4128ರಿಂದ 4200ರ ತನಕ ಎಲ್ಲ ಇದೆ, 4127 ಒಂದೇ ಇಲ್ಲ ಅಂದರೆ 4126ರ ಕೊನೆಗೆ ನಿಂತುಬಿಡುತ್ತದೆ. ಮುಂದಿನ ಎಪ್ಪತ್ತಕ್ಕೂ ಜಾಸ್ತಿ ಫೈಲುಗಳು ಇದ್ದೂ ಆ ಬ್ಯಾಕಪ್ಪಿಗೆ ಉಪಯೋಗ ಇಲ್ಲ. ಪ್ರತಿ ಲಾಗೂ ಅದರ ಹಿಂದಿನದು ಪೂರ್ತಿ ಆಗಿದೆ ಅಂತ ನಂಬಿಕೊಂಡು ಬರೆದದ್ದು.

ಮತ್ತೆ ಆ ಶನಿವಾರಕ್ಕೆ ಬರೋಣ. ಅಲ್ಲಿ ಗ್ರೂಪುಗಳ ಅಳತೆ 200 ಎಂಬಿ. ಸೀಸನ್ನಿನಲ್ಲಿ ಅರ್ಧ ಗಂಟೆಗೊಂದು ಸ್ವಿಚ್ ಆಗುತ್ತಿತ್ತು. ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಅಂದರೆ ದಿನಕ್ಕೆ 24 ಫೈಲ್, ಸುಮಾರು 4.8 ಜಿಬಿ. ಆರ್ಕೈವ್ ಹೋಗುವ ಜಾಗಕ್ಕೆ ಒರಾಕಲ್‌ನಲ್ಲಿ 30 ಜಿಬಿ ಮಿತಿ ಹಾಕಿತ್ತು. ಪ್ರತಿ ರಾತ್ರಿ ಒಂದು ಜಾಬ್ ಓಡಿ, ಆ ದಿನದ ಆರ್ಕೈವ್ ಲಾಗುಗಳನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿ, ಆದ ಮೇಲೆ ಇಲ್ಲಿಂದ ತೆಗೆಯಬೇಕಿತ್ತು. ಸೋಮವಾರ ಯಾರೋ ಆ ಹೊರಗಿನ ಡಿಸ್ಕಿನ ವೈರ್ ಕಿತ್ತು ಇನ್ನೇನಕ್ಕೋ ಪ್ಲಗ್ ಬಳಸಿಕೊಂಡಿದ್ದಾರೆ. ಅವತ್ತಿನಿಂದ ಜಾಬ್ ಪ್ರತಿ ರಾತ್ರಿಯೂ ಫೇಲ್. ಫೇಲ್ ಆದದ್ದು ಯಾರಿಗೂ ಗೊತ್ತಾಗಿಲ್ಲ. ಸೋಮವಾರದಿಂದ ಶನಿವಾರದ ತನಕ ಆರು ದಿನ, ಲೆಕ್ಕ ಹಾಕಿ ನೋಡಿ, ಹೆಚ್ಚು ಕಡಿಮೆ ಸರಿಯಾಗಿ ತುಂಬಿದೆ.

ಆಮೇಲೆ ಏನಾಯಿತು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಇಡೀ ವಿಷಯ ತಲೆಗೆ ಹತ್ತುತ್ತದೆ. ಒಂದು ಲಾಗ್ ತುಂಬಿತು, ಸ್ವಿಚ್ ಆಯಿತು, ಆರ್ಕೈವರ್ ನಕಲು ಮಾಡಲು ಹೋಯಿತು, ಜಾಗ ಇಲ್ಲ. ಆದರೂ ಲಾರಿ ಎಂಟ್ರಿ ನಿಲ್ಲಲಿಲ್ಲ, ಯಾಕೆಂದರೆ ಮುಂದಿನ ಸ್ಲೇಟು ಖಾಲಿ ಇತ್ತು. ಅದೂ ತುಂಬಿತು. ಮೂರನೇದೂ ತುಂಬಿತು. ಈಗ ಲಾಗ್ ರೈಟರ್ ಮತ್ತೆ ಮೊದಲನೇದಕ್ಕೆ ಬಂದರೆ ಅದು ನಕಲೇ ಆಗಿಲ್ಲ. ಒರೆಸುವ ಹಾಗಿಲ್ಲ. ನಿಂತಿತು. ಲಾಗ್ ರೈಟರ್ ನಿಂತರೆ ಕಮಿಟ್ ನಿಂತಿತು, ಕಮಿಟ್ ನಿಂತರೆ ಸೇವ್ ಬಟನ್ ನಿಂತಿತು, ಚೀಟಿ ನಿಂತಿತು, ಲಾರಿ ನಿಂತಿತು. ಅಂದರೆ ಮೊದಲ ನಕಲು ಸೋತದ್ದಕ್ಕೂ ಫೋನ್ ಬಂದದ್ದಕ್ಕೂ ಮಧ್ಯೆ ಒಂದು ಗಂಟೆಯ ಮೇಲೆ ಹೊತ್ತು ಇತ್ತು. ಒರಾಕಲ್ ತನಗಾದ ತೊಂದರೆಗಳನ್ನು ಬರೆದಿಡುವ ಅಲರ್ಟ್ ಲಾಗ್ ಅನ್ನುವ ಫೈಲ್ ನೋಡುವವರು ಇದ್ದಿದ್ದರೆ ಆ ಹೊತ್ತಿನಲ್ಲೇ ಸರಿ ಮಾಡಬಹುದಿತ್ತು.

ಅಲರ್ಟ್ ಲಾಗ್ ತೆರೆದು ನೋಡಿದೆ. ಓರಾ-19809, ಮಿತಿ ಮೀರಿದೆ. ಅದರ ಕೆಳಗೆ ಓರಾ-19804, ಇಷ್ಟು ಬೈಟ್ ಜಾಗ ಬಿಡಿಸಲು ಆಗುತ್ತಿಲ್ಲ, ಮಿತಿ 32212254720. ಆ ಉದ್ದನೇ ನಂಬರ್ ಅಂದರೆ ಸರಿಯಾಗಿ 30 ಜಿಬಿ. ಗಮನಿಸಿ, ತುಂಬಿದ್ದು ನಾವು ಹಾಕಿದ ಮಿತಿ, ಡಿಸ್ಕ್ ಅಲ್ಲ. ಡಿಸ್ಕಿನಲ್ಲಿ ಇನ್ನೂ ನೂರು ಜಿಬಿಗಿಂತ ಜಾಸ್ತಿ ಖಾಲಿ ಇತ್ತು. ಡಿಬಿ-ರಿಕವರಿ-ಫೈಲ್-ಡೆಸ್ಟ್-ಸೈಜ್ ಅನ್ನುವ ಪ್ಯಾರಾಮೀಟರನ್ನು 30ರಿಂದ 60 ಮಾಡಿದ್ದರೆ, ಡೇಟಾಬೇಸ್ ನಿಲ್ಲಿಸದೆ, ಒಂದೇ ಸಾಲಿನ ಆದೇಶದಲ್ಲಿ ಎಲ್ಲ ಮತ್ತೆ ಓಡುತ್ತಿತ್ತು. ಒಂದು ಫೈಲೂ ಅಳಿಸಬೇಕಾಗಿರಲಿಲ್ಲ.

ಮತ್ತೆ 120 ಫೈಲ್ ಅಳಿಸಿದ ಮೇಲೂ ಯಾಕೆ ಸರಿ ಹೋಗಲಿಲ್ಲ? ಇದು ಬಹಳ ಜನರಿಗೆ ಗೊತ್ತಿರದ ಸಂಗತಿ. ಆ ಜಾಗದಲ್ಲಿ ಎಷ್ಟು ಬಳಕೆಯಾಗಿದೆ ಅಂತ ಒರಾಕಲ್ ಫೋಲ್ಡರಿಗೆ ಹೋಗಿ ಅಳೆಯುವುದಿಲ್ಲ. ಯಾವ ಯಾವ ಫೈಲ್ ಇಟ್ಟಿದ್ದೇನೆ, ಯಾವುದರ ಅಳತೆ ಎಷ್ಟು ಅಂತ ತನ್ನ ಕಂಟ್ರೋಲ್ ಫೈಲಿನಲ್ಲಿ ಲೆಕ್ಕ ಬರೆದಿಟ್ಟುಕೊಂಡಿರುತ್ತದೆ. ಲಿನಕ್ಸಿನಲ್ಲಿ ನೇರವಾಗಿ ಫೈಲ್ ತೆಗೆದರೆ ಆ ಲೆಕ್ಕಕ್ಕೆ ಸುದ್ದಿಯೇ ಹೋಗುವುದಿಲ್ಲ. ಉಗ್ರಾಣದಿಂದ ಮೂಟೆ ಹೊರಗೆ ಹೋಗಿದೆ, ಸ್ಟಾಕ್ ಪುಸ್ತಕದಲ್ಲಿ ಹಾಗೇ ಇದೆ, ಆ ಥರ. ಆರ್‌ಮ್ಯಾನ್ ಅನ್ನುವ ಬ್ಯಾಕಪ್ ಉಪಕರಣದ ಒಳಗಿಂದ ಕ್ರಾಸ್‌ಚೆಕ್ ಮಾಡಿಸಬೇಕು. ಆಗ ಅದು ಪ್ರತಿ ಫೈಲನ್ನೂ ಹೋಗಿ ನೋಡಿ, ಇಲ್ಲದ್ದಕ್ಕೆ ಎಕ್ಸ್‌ಪೈರ್ಡ್ ಅಂತ ಗುರುತು ಹಾಕುತ್ತದೆ. ಆಮೇಲೆ ಡಿಲೀಟ್ ಎಕ್ಸ್‌ಪೈರ್ಡ್ ಅಂದರೆ ಲೆಕ್ಕದಿಂದ ತೆಗೆಯುತ್ತದೆ.

ಅವತ್ತು ಮೊದಲು ಮಿತಿ ಏರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಆರ್ಕೈವರ್ ಎದ್ದು, ನಿಂತಿದ್ದ ಮೂರು ಗ್ರೂಪನ್ನೂ ನಕಲು ಮಾಡಿತು. ಫೋನಿನ ಆ ಕಡೆಯಿಂದ "ಬಂತು ಸಾರ್, ಚೀಟಿ ಬಂತು" ಅಂತ ಕೇಳಿಸಿತು. ಆದರೆ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿರಲಿಲ್ಲ. ಹೋದ 120 ಫೈಲ್ ಅಂದರೆ ಸೋಮವಾರದಿಂದ ಶುಕ್ರವಾರ. ಅವುಗಳ ಪ್ರತಿ ಬೇರೆಲ್ಲೂ ಇಲ್ಲ. ಪೂರ್ತಿ ಬ್ಯಾಕಪ್ ಇರುವುದು ಹಿಂದಿನ ಭಾನುವಾರದ್ದು. ಆ ರಾತ್ರಿ ಡಿಸ್ಕ್ ಏನಾದರೂ ಕೆಟ್ಟಿದ್ದರೆ ಭಾನುವಾರಕ್ಕೆ ವಾಪಸ್, ಅಷ್ಟೇ. ಐದಾರು ದಿನ ಇಳಿದ ಅಷ್ಟೂ ಮೂಟೆಗಳ ಲೆಕ್ಕವನ್ನು ಬೆಳೆಗಾರರ ಮನೆಮನೆಯಿಂದ ಚೀಟಿ ತರಿಸಿ ಮತ್ತೆ ಬರೆಯಬೇಕಿತ್ತು. ಹೊರಗಿನ ಡಿಸ್ಕಿನ ವೈರ್ ಹಾಕಿಸಿ, ಆಗಲೇ ಪೂರ್ತಿ ಬ್ಯಾಕಪ್ ಶುರು ಮಾಡಿದೆ. ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು. ಅಲ್ಲಿಂದ ಹೊಸ ಸರಪಳಿ ಶುರು.

ಇನ್ನು ಸ್ವಿಚ್ಚನ್ನು ನಾವೇ ಮಾಡಿಸುವ ವಿಷಯ. ಲಾಗ್ ತುಂಬುವ ತನಕ ಕಾಯಬೇಕು ಅಂತೇನಿಲ್ಲ. ಆಲ್ಟರ್ ಸಿಸ್ಟಮ್ ಸ್ವಿಚ್ ಲಾಗ್‌ಫೈಲ್ ಅಂದರೆ ಅರ್ಧ ತುಂಬಿದ್ದರೂ ಮುಂದಿನದಕ್ಕೆ ಹೋಗುತ್ತದೆ. ಇದರ ಅಣ್ಣನ ಹಾಗೆ ಇನ್ನೊಂದಿದೆ, ಆಲ್ಟರ್ ಸಿಸ್ಟಮ್ ಆರ್ಕೈವ್ ಲಾಗ್ ಕರೆಂಟ್. ಎರಡೂ ಒಂದೇ ಅಂತ ತಿಳಿದವರು ಬಹಳ ಜನ ಇದ್ದಾರೆ, ಒಂದೇ ಅಲ್ಲ. ಮೊದಲನೇದು ಸ್ವಿಚ್ ಮಾಡಿ ತಕ್ಷಣ ವಾಪಸ್ ಬರುತ್ತದೆ, ನಕಲು ಆಯಿತೋ ಇಲ್ಲವೋ ಕಾಯುವುದಿಲ್ಲ. ಎರಡನೇದು ನಕಲು ಮುಗಿಯುವ ತನಕ ಕಾದು ಆಮೇಲೆ ಬರುತ್ತದೆ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಬೇಕಾದದ್ದು ಎರಡನೇದು. ಮೊದಲನೇದು ಹಾಕಿಕೊಂಡು, ಆ ಕೊನೇ ಫೈಲ್ ಇನ್ನೂ ಬರೆಯುತ್ತಿರುವಾಗಲೇ ಕಾಪಿ ಮಾಡಿಬಿಟ್ಟರೆ ಕೈಗೆ ಸಿಗುವುದು ಅರ್ಧ ಫೈಲ್.

ಕೆಲಸ ಕಡಿಮೆ ಇರುವ ದಿನಗಳಲ್ಲಿ ಒಂದು ಲಾಗ್ ತುಂಬುವುದಕ್ಕೆ ಇಡೀ ದಿನ ಹಿಡಿಯಬಹುದು. ಅಷ್ಟು ಹೊತ್ತೂ ಆ ದಿನದ ಕೆಲಸ ಇರುವುದು ಒಂದೇ ಮಷೀನಿನಲ್ಲಿ, ಆರ್ಕೈವ್ ಆಗಿ ಹೊರಗೆ ಹೋಗಿಲ್ಲ. ಅದಕ್ಕೆ ಆರ್ಕೈವ್-ಲ್ಯಾಗ್-ಟಾರ್ಗೆಟ್ ಅಂತ ಒಂದು ಪ್ಯಾರಾಮೀಟರ್ ಇದೆ. ಅದಕ್ಕೆ 1800 ಕೊಟ್ಟರೆ ತುಂಬದಿದ್ದರೂ ಅರ್ಧ ಗಂಟೆಗೊಮ್ಮೆ ಸ್ವಿಚ್ ಆಗುತ್ತದೆ. ಬೇಗ ಸ್ವಿಚ್ ಆದರೆ ಒರಾಕಲ್‌ನ ಆರ್ಕೈವ್ ಫೈಲ್ ಚಿಕ್ಕದಾಗಿರುತ್ತದೆ, ಬರೆದಷ್ಟನ್ನು ಮಾತ್ರ ನಕಲು ಮಾಡುತ್ತದೆ. ಹಾಗಂತ ನಿಮಿಷಕ್ಕೊಂದು ಸ್ವಿಚ್ ಆಗುವ ಹಾಗೆ ಮಾಡಿಕೊಳ್ಳಬೇಡಿ. ಪ್ರತಿ ಸ್ವಿಚ್ಚಿಗೂ ಚೆಕ್‌ಪಾಯಿಂಟ್ ಕೆಲಸ ಇದೆ. ಅದು ಮುಗಿಯುವ ಮೊದಲೇ ಲಾಗ್ ರೈಟರ್ ಒಂದು ಸುತ್ತು ಮುಗಿಸಿ ಬಂದರೆ ಅಲರ್ಟ್ ಲಾಗಿನಲ್ಲಿ ಚೆಕ್‌ಪಾಯಿಂಟ್ ನಾಟ್ ಕಂಪ್ಲೀಟ್ ಅಂತ ಬರುತ್ತದೆ, ಎಲ್ಲರೂ ಕ್ಷಣ ಹೊತ್ತು ನಿಲ್ಲಬೇಕಾಗುತ್ತದೆ. ಹೀಗೆ ಪದೇ ಪದೇ ಆದರೆ ಗ್ರೂಪಿನ ಅಳತೆ ದೊಡ್ಡದು ಮಾಡಿ, ಅಥವಾ ಇನ್ನೊಂದೆರಡು ಗ್ರೂಪ್ ಸೇರಿಸಿ. ಬಿಡುವಿಲ್ಲದ ಹೊತ್ತಿನಲ್ಲಿ ಗಂಟೆಗೆ ಮೂರು ನಾಲ್ಕು ಸ್ವಿಚ್ ಇರುವ ಹಾಗೆ ಅಳತೆ ಇಟ್ಟುಕೊಳ್ಳುವುದು ರೂಢಿ.

ಪೋಸ್ಟ್‌ಗ್ರೆಸ್ ಬಳಸುವವರಿಗೂ ಕತೆ ಇದೇ, ಹೆಸರು ಬೇರೆ. ಅಲ್ಲಿ ಲಾಗಿಗೆ ವಾಲ್ ಅನ್ನುತ್ತಾರೆ, ರೈಟ್-ಅಹೆಡ್ ಲಾಗ್ ಅನ್ನುವುದರ ಚಿಕ್ಕ ಹೆಸರು. 16 ಎಂಬಿಯ ತುಂಡುಗಳಾಗಿ ಇರುತ್ತದೆ. ಮೂರು ಸ್ಲೇಟಿನ ಲೆಕ್ಕ ಅಲ್ಲಿಲ್ಲ, ಬೇಕಾದ ಹಾಗೆ ಹೊಸ ತುಂಡು ಹುಟ್ಟುತ್ತದೆ, ಹಳೇದಕ್ಕೆ ಹೆಸರು ಬದಲಾಯಿಸಿ ಮತ್ತೆ ಬಳಸುತ್ತದೆ. ಆರ್ಕೈವ್ ಕಮಾಂಡ್ ಅಂತ ನೀವೇ ಒಂದು ಆದೇಶ ಬರೆದು ಕೊಡಬೇಕು. ಅದು ಸರಿಯಾಗಿ ಮುಗಿದು ಸೊನ್ನೆ ಕೊಟ್ಟರೆ ಮಾತ್ರ ಆ ತುಂಡು ಆರ್ಕೈವ್ ಆಯಿತು ಅಂತ ಪೋಸ್ಟ್‌ಗ್ರೆಸ್ ನಂಬುತ್ತದೆ. ಆದ್ದರಿಂದ ಸೋತಾಗಲೂ ಸೊನ್ನೆ ಕೊಡುವಂಥ ಸ್ಕ್ರಿಪ್ಟ್ ಬರೆಯಬೇಡಿ. ಎಲ್ಲ ಚೆನ್ನಾಗಿದೆ ಅಂತ ಕಾಣುತ್ತಿರುತ್ತದೆ, ಆರ್ಕೈವ್ ಫೋಲ್ಡರ್ ಖಾಲಿ ಇರುತ್ತದೆ. ಸೋತರೆ ಪೋಸ್ಟ್‌ಗ್ರೆಸ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಲೇ ಇರುತ್ತದೆ, ಅಲ್ಲಿ ತನಕ ಆ ತುಂಡನ್ನು ಬಿಡುವುದಿಲ್ಲ. ತುಂಡುಗಳು ಗುಡ್ಡೆ ಬೀಳುತ್ತಾ ಹೋಗಿ ಡಿಸ್ಕ್ ತುಂಬಿದರೆ ಡೇಟಾಬೇಸೇ ಮಲಗಿಬಿಡುತ್ತದೆ. ಕೈಯಾರೆ ಸ್ವಿಚ್ ಮಾಡಿಸುವುದಕ್ಕೆ ಪಿಜಿ-ಸ್ವಿಚ್-ವಾಲ್, ಹೊತ್ತಿಗೆ ಸರಿಯಾಗಿ ಮಾಡಿಸುವುದಕ್ಕೆ ಆರ್ಕೈವ್ ಟೈಮ್‌ಔಟ್. ಇಲ್ಲಿ ಒಂದು ವ್ಯತ್ಯಾಸ ನೆನಪಿರಲಿ: ಬೇಗ ಸ್ವಿಚ್ ಮಾಡಿಸಿದರೂ ಪ್ರತಿ ತುಂಡೂ ಪೂರ್ತಿ 16 ಎಂಬಿಯೇ ಇರುತ್ತದೆ.

ಈ ವಾಲ್ ಇರುವ ಫೋಲ್ಡರಿನ ಹೆಸರು ಮೊದಲು ಪಿಜಿ-ಎಕ್ಸ್‌ಲಾಗ್ ಅಂತ ಇತ್ತು. ಹೆಸರಿನಲ್ಲಿ ಲಾಗ್ ಅಂತ ಕಂಡು, ಜಾಗ ಬೇಕು ಅಂತ ಜನ ಅದನ್ನು ಅಳಿಸಿ ಡೇಟಾಬೇಸ್ ಕಳೆದುಕೊಳ್ಳುತ್ತಿದ್ದರು. ಕೊನೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಪಿಜಿ-ವಾಲ್ ಅಂತ ಬದಲಾಯಿಸಿದರು. ಹಾಸನದ ಹುಡುಗನ ತಪ್ಪನ್ನೇ ಪ್ರಪಂಚದ ಎಲ್ಲ ಕಡೆ ಜನ ಮಾಡುತ್ತಿದ್ದರು ಅಂತ ಆಯಿತು.

ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ಇಟ್ಟುಕೊಳ್ಳುವುದು ಬೈನರಿ ಲಾಗ್. 1 ಜಿಬಿ ಆದಾಗ ಹೊಸ ಫೈಲಿಗೆ ಹೋಗುತ್ತದೆ, ಫ್ಲಶ್ ಬೈನರಿ ಲಾಗ್ಸ್ ಅಂದರೆ ಆಗಲೇ ಹೋಗುತ್ತದೆ. 8.0ರಲ್ಲಿ ನೀವು ಬೇರೆ ಏನೂ ಹೇಳದಿದ್ದರೆ 30 ದಿನದ ನಂತರ ತಾನೇ ಅಳಿಸುತ್ತದೆ. ಬ್ಯಾಕಪ್ ಆಯಿತೋ ಇಲ್ಲವೋ ಅಂತ ಒರಾಕಲ್ ಹಾಗೆ ಅದು ಕೇಳುವುದಿಲ್ಲ, ಕಾಯುವ ಕೆಲಸ ನಿಮ್ಮದೇ.

ಆ ಹುಡುಗ ಈಗ ದಿನಾ ಬೆಳಗ್ಗೆ ಮೂರು ವಿಷಯ ಬರೆದಿಡುತ್ತಾನೆ. ಕೊನೆಗೆ ಆರ್ಕೈವ್ ಆದ ಸೀಕ್ವೆನ್ಸ್ ನಂಬರ್, ಆರ್ಕೈವ್ ಜಾಗ ಶೇಕಡಾ ಎಷ್ಟು ತುಂಬಿದೆ, ರಾತ್ರಿಯ ಜಾಬ್ ಗೆದ್ದಿತೋ ಸೋತಿತೋ. ಎರಡು ನಿಮಿಷದ ಕೆಲಸ. ಹೊರಗಿನ ಡಿಸ್ಕಿನ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿದ್ದಾನೆ.

ಹೋದ ಆಗಸ್ಟಿನಲ್ಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಕಮ್ಮಿ ಇದ್ದಾಗ, ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋದೆ. ಜಡಿಮಳೆ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಸರ್ವರ್ ಒರೆಸಿ, ಅದಕ್ಕೆ ಒರಾಕಲ್ ಹಾಕಿ, ಮಾರ್ಚ್ ತಿಂಗಳ ಒಂದು ಪೂರ್ತಿ ಬ್ಯಾಕಪ್ಪನ್ನು ಅದರಲ್ಲಿ ಇಳಿಸಿದೆವು. ಆಮೇಲೆ ಆ ವಾರದ ಆರ್ಕೈವ್ ಲಾಗುಗಳನ್ನು ಓದಿಸುವುದಕ್ಕೆ ಬಿಟ್ಟೆವು. ನಾನು ಕೀಬೋರ್ಡ್ ಮುಟ್ಟಲಿಲ್ಲ, ಎಲ್ಲ ಹುಡುಗನೇ ಮಾಡಿದ. ಸ್ಕ್ರೀನಿನ ಮೇಲೆ ಸೀಕ್ವೆನ್ಸ್ ನಂಬರ್ ಒಂದಾದ ಮೇಲೆ ಒಂದು ಮೇಲಕ್ಕೆ ಹೋಗುತ್ತಿತ್ತು. ಒಂದೂ ತಪ್ಪಲಿಲ್ಲ. ನಿಲ್ಲಿಸಲು ಹೇಳಿದ ಹೊತ್ತಿಗೆ ನಿಂತಿತು. ಹುಡುಗ ಫೈಲಿನಿಂದ ಆ ದಿನದ ಕೊನೇ ಲಾರಿಯ ಕಾಗದದ ಚೀಟಿ ತೆಗೆದು ತಂದ. ಟೇಬಲ್ ತೆರೆದು ಕೆಳಗಿನ ಸಾಲು ನೋಡಿದೆವು. ಅದೇ ಲಾರಿ ನಂಬರ್, ಅದೇ ತೂಕ.